ನೇರಳೆ ಪಟ್ಟಿ ಫಿಲ್ಟರ್‌ನದ್ದಲ್ಲ, ಬೆನ್ನ ಹಿಂದಿನ ಬಿಸಿಲಿನದು

ಬಾದಾಮಿ ಅಗಸ್ತ್ಯತೀರ್ಥದ ದಂಡೆಯಲ್ಲಿ ಕ್ಯಾಲೆಂಡರ್‌ಗೆ ಫೋಟೊ ತೆಗೆಯುವ ಕೆಲಸ. ಭೂತನಾಥ ಗುಡಿ ಕೆರೆಯ ಪೂರ್ವಕ್ಕಿದೆ. ಸಂಜೆ ಅದರ ಮೇಲೆ ಬೆಳಕು ಬೀಳುವಾಗ ಸೂರ್ಯ ಕ್ಯಾಮೆರಾದ ಬೆನ್ನಿಗಿರುತ್ತಾನೆ. ಗಾಳಿಗೆ ನೀರಲ್ಲಿ ಸಣ್ಣ ಅಲೆ ಎದ್ದಿದ್ದವು, ಶಟರ್ ಹೆಚ್ಚು ಹೊತ್ತು ತೆರೆದಿಟ್ಟು ಅವನ್ನು ನಯವಾಗಿಸಲೆಂದೇ 10 ಸ್ಟಾಪ್ ಎನ್‌ಡಿ (ಬೆಳಕು ತಗ್ಗಿಸುವ ಕಪ್ಪು ಫಿಲ್ಟರ್) ಹಾಕಿದ್ದು. ಮೊದಲ ಫ್ರೇಮಿನ ನಡುವೆ ನೇರಳೆ ಪಟ್ಟಿ. ಎರಡನೆಯದರಲ್ಲೂ ಅದೇ.

"ಸರ, ಫಿಲ್ಟರ್ ಡುಪ್ಲಿಕೇಟ್ ಐತೇನ್ರಿ?" ಅಂದ ಸಹಾಯಕ್ಕಿದ್ದ ಹುಡುಗ. ನಾನೂ ಹಾಗೇ ನಂಬಿದೆ. ಬಿಚ್ಚಿದೆ, ಒರೆಸಿದೆ, ಮತ್ತೆ ತಿರುಗಿಸಿ ಹಾಕಿದೆ. ಇಪ್ಪತ್ತು ನಿಮಿಷ ಅದರಲ್ಲೇ ಹೋಯಿತು, ಒಳ್ಳೆಯ ಬಿಸಿಲಿದ್ದದ್ದೂ ಅಷ್ಟೇ ಹೊತ್ತು. ಆಮೇಲೆ ಒಂದು ಫ್ರೇಮಿನಲ್ಲಿ ಪಟ್ಟಿಯೇ ಇಲ್ಲ. ಆಗ ಹುಡುಗ ಕ್ಯಾಮೆರಾ ಹಿಂದೆ ನಿಂತಿದ್ದ, ಅವನ ನೆರಳು ವ್ಯೂಫೈಂಡರ್ ಮೇಲೆ ಬಿದ್ದಿತ್ತು.

ಡಿಎಸ್‌ಎಲ್‌ಆರ್‌ನಲ್ಲಿ (ಒಳಗೆ ಕನ್ನಡಿಯಿರುವ ಕ್ಯಾಮೆರಾ) ಫೋಟೊ ತೆಗೆಯುವಾಗ ಕನ್ನಡಿ ಮೇಲೆದ್ದರೂ, ವ್ಯೂಫೈಂಡರಿಗೆ ಬಿದ್ದ ಬೆಳಕು ಅಂಚಿನ ಸಂದಿಯಿಂದ ಚೂರು ಒಳಗೆ ಇಳಿಯುತ್ತದೆ. 1/30 ಸೆಕೆಂಡಿನಲ್ಲಿ ಅದು ಲೆಕ್ಕಕ್ಕಿಲ್ಲ. ಆದರೆ ಒಂದೊಂದು ಸ್ಟಾಪಿಗೆ ಬೆಳಕು ಅರ್ಧವಾಗುವುದರಿಂದ 10 ಸ್ಟಾಪ್ ಫಿಲ್ಟರ್ ಲೆನ್ಸಿನ ಬೆಳಕನ್ನು ಸುಮಾರು ಸಾವಿರದಲ್ಲಿ ಒಂದು ಪಾಲಿಗೆ ಇಳಿಸುತ್ತದೆ. ಹಿಂದಿನಿಂದ ಸೋರುವ ಬೆಳಕಿಗೆ ಅಂಥ ತಡೆ ಇಲ್ಲ, ಅರ್ಧ ನಿಮಿಷ ಸೋರುತ್ತಲೇ ಇರುತ್ತದೆ. ಬೆಳಕು ಅಳೆಯುವ ಮೀಟರ್ ರೀಡಿಂಗೂ ಇದರಿಂದಲೇ ಕೆಡುತ್ತದೆ. ಕೆಲವು ಕ್ಯಾನನ್ ಕ್ಯಾಮೆರಾಗಳ ಕೊರಳ ಪಟ್ಟಿಗೆ ಸಿಕ್ಕಿಸಿರುವ ರಬ್ಬರ್ ತುಂಡು ಇದಕ್ಕೇ ಇರುವುದು. ನಿಕಾನ್ ಡಿ850ರಲ್ಲಿ ಬಾಡಿಯಲ್ಲೇ ವ್ಯೂಫೈಂಡರ್ ಮುಚ್ಚಳವಿದೆ. ಏನೂ ಇಲ್ಲದಿದ್ದರೆ ಕಪ್ಪು ಟೇಪ್ ಸಾಕು. ಕನ್ನಡಿಯೇ ಇಲ್ಲದ ಮಿರರ್‌ಲೆಸ್‌ ಕ್ಯಾಮೆರಾಗೆ ಈ ತೊಂದರೆಯಿಲ್ಲ.

ಫ್ರೇಮ್, ಫೋಕಸ್, ಎಕ್ಸ್‌ಪೋಶರ್ ಮೂರೂ ಫಿಲ್ಟರ್ ಹಾಕುವ ಮೊದಲೇ ಮುಗಿಯಬೇಕು. ಫೋಕಸ್ ಸಿಕ್ಕಮೇಲೆ ಮ್ಯಾನ್ಯುಯಲ್‌ಗೆ ತಿರುಗಿಸಿ, ಟ್ರೈಪಾಡ್ ಮೇಲಿದ್ದರೆ ಸ್ಟೆಬಿಲೈಸರ್ ಆಫ್ ಮಾಡಿ. ಐಎಸ್‌ಒ 100, ಎಫ್/11ಕ್ಕೆ ಫಿಲ್ಟರಿಲ್ಲದೆ 1/30 ಸೆಕೆಂಡ್ ಬಂದರೆ 10 ಸ್ಟಾಪಿಗೆ 34 ಸೆಕೆಂಡ್, 6 ಸ್ಟಾಪಿಗೆ ಎರಡು ಸೆಕೆಂಡು ಚಿಲ್ಲರೆ. 30 ಸೆಕೆಂಡ್ ದಾಟಿದರೆ ಬಲ್ಬ್ (ಒತ್ತಿದಷ್ಟು ಹೊತ್ತು ಶಟರ್ ತೆರೆದಿರುವ ಮೋಡ್) ಮತ್ತು ರಿಮೋಟ್. ಸಮಯ ಹೆಚ್ಚಿಸಲು ಲೆನ್ಸಿನ ರಂಧ್ರ ಕಿರಿದಾಗಿಸಿ ಎಫ್/22ಕ್ಕೆ ಹೋಗಬೇಡಿ, ಗುಡಿಯ ಕಲ್ಲಿನ ಕೆತ್ತನೆ ಮಂಕಾಗುತ್ತದೆ. ಫಿಲ್ಟರನ್ನು ಬಿಗಿಯಾಗಿ ತಿರುಗಿಸಲೂ ಬೇಡಿ: ಬಿಚ್ಚುವಾಗ ಫೋಕಸ್ ರಿಂಗ್ ಜೊತೆಗೇ ತಿರುಗಿ ಎಲ್ಲ ಮೊದಲಿನಿಂದ ಶುರುವಾಗುತ್ತದೆ.

77 ಎಂಎಂ ಫಿಲ್ಟರ್ ಒಂದು, ಸಣ್ಣ ಲೆನ್ಸಿಗೆ ದೊಡ್ಡ ಫಿಲ್ಟರ್ ಕೂಡಿಸುವ ಸ್ಟೆಪ್ ಅಪ್ ರಿಂಗ್ ಎರಡು ಇದ್ದರೆ ಎಲ್ಲ ಲೆನ್ಸಿಗೂ ನಡೆಯುತ್ತಿತ್ತು. ಎಷ್ಟು ಸಲ ಹೇಳಿದರೂ ಮೇಲಿನವರು ಲೆನ್ಸಿಗೊಂದು ಅಗ್ಗದ ಫಿಲ್ಟರ್ ತರಿಸುತ್ತಾರೆ. ಒಂದೊಂದರದು ಒಂದೊಂದು ಬಣ್ಣ, ಎಡಿಟಿಂಗಿನಲ್ಲಿ ಕೂತವರಿಗೆ ಅದರ ಕಷ್ಟ.

ಲಾಂಗ್ ಎಕ್ಸ್‌ಪೋಶರ್ ನಾಯ್ಸ್ ರಿಡಕ್ಷನ್ ಆನ್ ಇದೆಯೇ ನೋಡಿಕೊಳ್ಳಿ. ಆನ್ ಇದ್ದರೆ 34 ಸೆಕೆಂಡ್ ತೆಗೆದ ಮೇಲೆ ಇನ್ನೂ 34 ಕಾಯಿಸುತ್ತದೆ, ಸೂರ್ಯ ಅಷ್ಟರಲ್ಲಿ ಇನ್ನಷ್ಟು ಇಳಿದಿರುತ್ತಾನೆ.