ನಾಯಿ ಜೊತೆ ವಿಂಡಿ ಹಿಲ್: ಮೇ ತಿಂಗಳ ಒಂದು ಬೆಳಗ್ಗೆ

ಸ್ಯಾನ್ ಫ್ರಾನ್ಸಿಸ್ಕೊ ಬೇ ಏರಿಯಾದ ಎಲ್ಲ ಗುಡ್ಡಗಳಿಗೂ ನಾಯಿಯನ್ನು ಬಿಡುವುದಿಲ್ಲ. ರಾಂಚೊ ಸ್ಯಾನ್ ಆಂಟೋನಿಯೊಗೆ ಹೋದರೆ ಬಾಗಿಲಿಂದಲೇ ವಾಪಸ್. ಪೋರ್ಟೊಲಾ ವ್ಯಾಲಿಯ ವಿಂಡಿ ಹಿಲ್‌ನಲ್ಲಿ ಕೆಲವು ದಾರಿಗಳಿಗೆ ಬಿಡುತ್ತಾರೆ, ಆದರೆ ಹಗ್ಗ ಆರು ಅಡಿ ಮೀರಬಾರದು. ಉದ್ದಕ್ಕೆ ಬಿಚ್ಚಿಕೊಳ್ಳುವ ಹಗ್ಗವಾದರೆ ಅಷ್ಟಕ್ಕೇ ಲಾಕ್ ಮಾಡಿ.

ಇಲ್ಲಿ ಎಲ್ಲ ನಿಂತಿರುವುದು ಯಾವ ಕಡೆಯಿಂದ ಹತ್ತುತ್ತೀರಿ ಅನ್ನುವುದರ ಮೇಲೆ. ಪೋರ್ಟೊಲಾ ರಸ್ತೆಯ ಪಾರ್ಕಿಂಗಿನಿಂದ ಹ್ಯಾಮ್ಸ್ ಗಲ್ಚ್ ಹಿಡಿದರೆ ಡಗ್ಲಸ್ ಫರ್ ಮರಗಳ ನೆರಳಲ್ಲೇ ಸಾವಿರ ಅಡಿಗೂ ಮಿಕ್ಕ ಏರು ಮುಗಿಯುತ್ತದೆ. ಸುಮಾರು 1,900 ಅಡಿ ಎತ್ತರದ ನೆತ್ತಿಯಲ್ಲಿ ಒಂದು ಕಡೆ ಕೊಲ್ಲಿ, ಮಂಜಿಲ್ಲದಿದ್ದರೆ ಇನ್ನೊಂದು ಕಡೆ ಪೆಸಿಫಿಕ್. ಅಲ್ಲಿಂದ ಸ್ಪ್ರಿಂಗ್ ರಿಡ್ಜ್ ಮೇಲೆ ಇಳಿದು ಸುತ್ತು ಮುಗಿಸುವವರೇ ಹೆಚ್ಚು. ಅದು ಬೋಳು ಹುಲ್ಲುಗಾವಲು, ನೆರಳಿಗೆ ಒಂದು ಮರ ಸಿಕ್ಕರೆ ಪುಣ್ಯ. ಏಳು ಗಂಟೆಗೆ ಹೊರಟರೆ ಸರಿ. ಹತ್ತಕ್ಕೆ ಹೊರಡುವವರು ಬಂದ ದಾರಿಯಲ್ಲೇ ಇಳಿಯುವುದು ವಾಸಿ. ಅನುಮಾನವಿದ್ದರೆ ಅಂಗೈ ಹಿಂಬದಿಯನ್ನು ನೆಲಕ್ಕೆ ಒತ್ತಿ ನೋಡಿ: ಐದಾರು ಸೆಕೆಂಡ್ ತಡೆಯಲಾಗದಿದ್ದರೆ ನಾಯಿಯ ಪಾದಕ್ಕೂ ಅದು ಕೆಂಡವೇ.

ದಾರಿಯಲ್ಲಿ ನೀರು ಸಿಗುತ್ತದೆಂದು ನಂಬಬೇಡಿ. ಇಪ್ಪತ್ತು ಕೆಜಿ ನಾಯಿಗೆ ಒಂದೂವರೆ ಲೀಟರ್ ಹೊತ್ತುಕೊಳ್ಳಿ. ಒಟ್ಟಿಗೆ ಕುಡಿಸದೆ ಇಪ್ಪತ್ತು ನಿಮಿಷಕ್ಕೊಮ್ಮೆ ಸ್ವಲ್ಪ ಸ್ವಲ್ಪ ಕೊಡಿ. ನಾಲಗೆ ಕಡುಗೆಂಪಾಗಿ, ಜೊಲ್ಲು ಅಂಟಂಟಾಗಿ, ಹೆಜ್ಜೆ ತಪ್ಪತೊಡಗಿದರೆ ಬಿಸಿಲು ಬಡಿದಿದೆ ಎಂದರ್ಥ. ನೆರಳಿಗೆ ಒಯ್ದು ಮೈಗೆಲ್ಲ ನೀರು ಸುರಿದು, ಟೋಪಿಯಿಂದ ಗಾಳಿ ಬೀಸುತ್ತಲೇ ಪಶುವೈದ್ಯರಿಗೆ ಫೋನ್ ಮಾಡಿ.

ಹಾವಿಗೆ ಎಲ್ಲರೂ ಹೆದರುತ್ತಾರೆ. ಮೇ ತಿಂಗಳಲ್ಲಿ ನಾಯಿಗಳನ್ನು ಆಸ್ಪತ್ರೆಗೆ ಕಳಿಸುವುದು ಮಾತ್ರ ಬಹುಪಾಲು ಹುಲ್ಲು, ಇಲ್ಲಿಯವರು ಫಾಕ್ಸ್‌ಟೇಲ್ ಅನ್ನುವುದು. ಊರಲ್ಲಿ ಗದ್ದೆಬದುವಿನಲ್ಲಿ ನಡೆದರೆ ಪಂಚೆಯಂಚಿಗೆ ಚುಚ್ಚಿಕೊಳ್ಳುವ ಹುಲ್ಲಿನ ಮುಳ್ಳಿನ ಜಾತಿಯೇ. ಒಣಗಿದ ತೆನೆಯನ್ನು ಬುಡದಿಂದ ತುದಿಯ ಕಡೆಗೆ ಬೆರಳಲ್ಲಿ ಸವರಿದರೆ ನುಣುಪು, ತಿರುಗಿಸಿ ಸವರಿದರೆ ಗರಗರ. ಆ ಗರಗಸದಂಥ ರೋಮಗಳಿಂದಾಗಿ ಅದು ಮುಂದಕ್ಕೆ ಮಾತ್ರ ಸಾಗುತ್ತದೆ, ಹಿಂದೆ ಬರುವುದಿಲ್ಲ. ನಾಯಿಯ ಬೆರಳ ಸಂದಿಯಲ್ಲಿ ಚರ್ಮ ತೂರಿ ಒಳಗೇ ಹೋಗಿ ಕೀವು ಕಟ್ಟಿಸುತ್ತದೆ. ಸತತ ಸೀನು ಬಂದರೆ ಮೂಗಿನಲ್ಲಿದೆ. ತಲೆ ಒಂದೇ ಕಡೆಗೆ ವಾಲಿಸಿ ಒದರುತ್ತಿದ್ದರೆ ಕಿವಿಯಲ್ಲಿದೆ. ಕೂದಲಿಗೆ ಅಂಟಿದ್ದನ್ನು ನೀವೇ ಕೀಳಬಹುದು. ಮೂಗು, ಕಿವಿಯೊಳಗಿನದ್ದಕ್ಕೆ ಕೈ ಹಾಕಬೇಡಿ: ಮುರಿದ ತುಂಡು ಇನ್ನೂ ಆಳಕ್ಕೆ ಇಳಿಯುತ್ತದೆ. ಕಾಕರ್ ಸ್ಪ್ಯಾನಿಯಲ್, ಗೋಲ್ಡನ್ ರಿಟ್ರೀವರ್ ಸಾಕಿದವರು ಈ ಕಾಲದಲ್ಲಿ ಬೆರಳ ಸಂದಿಯ ಕೂದಲು ಕತ್ತರಿಸಿಬಿಡುವುದು ಒಳ್ಳೆಯದು.

ಕಾರಿನ ಬಳಿ ಬಂದ ಮೇಲೆ ರಕ್ತ ಹೀರುವ ಉಣ್ಣೆಹುಳು ಹುಡುಕಿ: ಕಿವಿಯ ಹಿಂದೆ, ಕಂಕುಳು, ತೊಡೆಸಂದಿ, ಕೊರಳಪಟ್ಟಿಯ ಕೆಳಗೆ. ಚಿಮುಟದಲ್ಲಿ ಚರ್ಮಕ್ಕೆ ತಾಗಿದಂತೆ ಹಿಡಿದು ನೆಟ್ಟಗೆ ಎಳೆಯಿರಿ. ಸೀಮೆಎಣ್ಣೆ, ಬೆಂಕಿಕಡ್ಡಿಯ ಮನೆಮದ್ದುಗಳೆಲ್ಲ ಬೇಡ.

ಪಾಯ್ಸನ್ ಓಕ್ ಕಣ್ಣಿಗೆ ಬೀಳದೆ ಬರುವ ಶತ್ರು. ಮೂರು ಮೂರು ಎಲೆಯ ಈ ಗಿಡ ನಾಯಿಗೆ ಸಾಮಾನ್ಯವಾಗಿ ಏನೂ ಮಾಡದು. ಅದರ ಎಣ್ಣೆ ಕೂದಲಿಗೆ ಮೆತ್ತಿಕೊಂಡು ಮನೆಗೆ ಬಂದು ನಿಮ್ಮ ಕೈ ತುಂಬ ತುರಿ ಎಬ್ಬಿಸುತ್ತದೆ. ಸ್ನಾನ ಮಾಡಿಸುವ ತನಕ ಸೋಫಾ ಹತ್ತಿಸಬೇಡಿ. ಕೈಗವಸು ಹಾಕಿಕೊಂಡು ಶಾಂಪೂವಿನಲ್ಲಿ ತೊಳೆಯಿರಿ. ಹಗ್ಗ, ಕೊರಳಪಟ್ಟಿಯನ್ನೂ ಜೊತೆಗೇ ತೊಳೆಯಬೇಕು. ಆ ಎಣ್ಣೆ ಅವುಗಳ ಮೇಲೆ ತಿಂಗಳುಗಟ್ಟಲೆ ಉಳಿಯುತ್ತದೆ.