ನಮ್ಮ ಮನೆಯ ಮಾತು

"ಅಮ್ಮಾ, ನಮ್ಮ ಮನೆಯ ಮಾತು ಇವರಿಗೆಲ್ಲ ಹೇಗೆ ಗೊತ್ತು?"

ಜರ್ಮನಿಯ ನ್ಯೂರೆಂಬರ್ಗ್‌ನ ಚಿತ್ರಮಂದಿರದಲ್ಲಿ ದೀಪ ಆರಿ ಹತ್ತು ನಿಮಿಷವೂ ಆಗಿರಲಿಲ್ಲ. ತೆರೆಯ ಮೇಲೆ ಮುದುಕನೊಬ್ಬ ತನ್ನ ಎಮ್ಮೆಯನ್ನು ಬೈಯುತ್ತಿದ್ದ. ಸುತ್ತಲಿದ್ದ ಎಂಬತ್ತು ತೊಂಬತ್ತು ಜನ ಒಮ್ಮೆಗೇ ನಕ್ಕರು. ಎಂಟು ವರ್ಷದ ಮಗಳು ತೆರೆಯನ್ನು ಬಿಟ್ಟು, ಕುರ್ಚಿಯ ಮೇಲೆ ಮಂಡಿಯೂರಿ, ಹಿಂದಿನ ಸಾಲುಗಳಲ್ಲಿ ನಗುತ್ತಿದ್ದವರ ಮುಖಗಳನ್ನು ಒಂದೊಂದಾಗಿ ನೋಡುತ್ತಿದ್ದಳು. ಆಗ ಕೇಳಿದ ಪ್ರಶ್ನೆ ಅದು. ಉತ್ತರ ಹೇಳಲು ನನಗೆ ಬಾಯಿ ಬರಲಿಲ್ಲ.

ನಾವು ಇರುವುದು ಪಕ್ಕದ ಊರು ಎರ್ಲಾಂಗೆನ್‌ನಲ್ಲಿ. ಕನ್ನಡ ಚಿತ್ರ ಬಂದರೆ ಒಂದು ಭಾನುವಾರ, ಒಂದೇ ಪ್ರದರ್ಶನ. ಅದಕ್ಕೂ ಮಗಳನ್ನು ಕರೆದುಕೊಂಡು ಹೋಗಲು ಇಷ್ಟು ವರ್ಷ ಆಗಿರಲಿಲ್ಲ. ಇಲ್ಲಿ ಚಿತ್ರಗಳಿಗೆ 0, 6, 12, 16, 18 ಎಂದು ವಯಸ್ಸಿನ ಮಿತಿ ಇದೆ. ಆರು ತುಂಬಿದ ಮಕ್ಕಳು 12ರ ಚಿತ್ರಕ್ಕೆ ತಂದೆ ಅಥವಾ ತಾಯಿಯ ಜೊತೆ ಹೋಗಬಹುದು. 16 ಎಂದಿದ್ದರೆ ಯಾರ ಕೈ ಹಿಡಿದುಕೊಂಡು ಬಂದರೂ ಒಳಗೆ ಬಿಡುವುದಿಲ್ಲ. ನಾವು ಆಸೆಪಟ್ಟ ಚಿತ್ರಗಳಲ್ಲೆಲ್ಲ ರಕ್ತ ಹರಿಯುತ್ತಿತ್ತು, ಮಗಳು ಮನೆಯಲ್ಲಿ ಉಳಿಯುತ್ತಿದ್ದಳು. ಈ ಸಲ 12ರ ಚಿತ್ರ ಬಂದಿತು ಎಂದು ಹಬ್ಬದಂತೆ ಹೊರಟಿದ್ದೆವು.

ಅವಳ ಪಾಲಿಗೆ ದೊಡ್ಡ ಪರದೆಯ ಭಾಷೆ ಎಂದರೆ ಜರ್ಮನ್. ಹಾಲಿವುಡ್‌ನ ಸಿಂಹ, ಮೀನು, ಆಟಿಕೆ ಎಲ್ಲವೂ ಇಲ್ಲಿ ಜರ್ಮನ್ ಮಾತನಾಡುತ್ತವೆ. ಮೂಲ ಭಾಷೆಯಲ್ಲೇ ನೋಡಬೇಕೆಂದರೆ ಹುಡುಕಿಕೊಂಡು ಹೋಗಬೇಕು. ನಮ್ಮಲ್ಲಿ ಡಬ್ಬಿಂಗ್ ಬೇಡವೆಂದು ಅರವತ್ತರ ದಶಕದಲ್ಲಿ ಅ.ನ.ಕೃ. ಅವರಂಥವರು ನಿಂತರು. ಆಗ ಅದಕ್ಕೆ ಕಾರಣವಿತ್ತು, ಕನ್ನಡ ಚಿತ್ರರಂಗ ಇನ್ನೂ ಬಲಿಯಬೇಕಾಗಿತ್ತು. ಆ ತಡೆ 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗದ ಆದೇಶ ಬರುವವರೆಗೂ ನಡೆದುಕೊಂಡು ಬಂದಿತು. ನಾನೂ ಅದನ್ನು ಒಪ್ಪಿದ್ದವಳು. ಮಕ್ಕಳ ಚಿತ್ರಗಳ ಮಟ್ಟಿಗೆ ಈಗ ಒಪ್ಪುವುದಿಲ್ಲ. ಸಿಂಹ ಮಗುವಿನ ಭಾಷೆಯಲ್ಲೇ ಗರ್ಜಿಸಿದರೆ ಮಗುವಿಗೆ ಆ ಭಾಷೆಯ ಬಗ್ಗೆ ಎಷ್ಟು ಧೈರ್ಯ ಬರುತ್ತದೆ ಎಂಬುದನ್ನು ಇಲ್ಲಿ ಕಣ್ಣಾರೆ ಕಂಡಿದ್ದೇನೆ.

ಆದರೆ ಮಗಳ ಮಾತು ಚುಚ್ಚಿದ್ದು ಬೇರೆ ಕಾರಣಕ್ಕೆ. ಕಳೆದ ಬೇಸಿಗೆಯಲ್ಲಿ ನಾಲ್ಕು ವಾರ ಬೆಂಗಳೂರಿನಲ್ಲಿದ್ದೆವು. ತಂಗಿಯ ಅಪಾರ್ಟ್‌ಮೆಂಟಿನ ಅಂಗಳದಲ್ಲಿ ಮಕ್ಕಳು ಇಂಗ್ಲಿಷಿನಲ್ಲಿ ಆಡಿದರು, ಜಗಳ ಬಂದಾಗ ಹಿಂದಿಗೆ ತಿರುಗಿದರು. ಇವಳು ಕನ್ನಡದಲ್ಲಿ "ನಾನೂ ಬರಲೇ?" ಎಂದರೆ, ತಂಗಿಯ ಮಗನೇ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟ. ಮಾಲ್‌ನಲ್ಲಿ ಚಿತ್ರಕ್ಕೆ ಹೋದೆವು, ಮಕ್ಕಳೆಲ್ಲ ಸೇರಿ ಆರಿಸಿದ್ದು ಇಂಗ್ಲಿಷ್ ಚಿತ್ರ. ಕನ್ನಡ ಅವಳಿಗೆ ಕೇಳಿಸಿದ್ದು ಅಜ್ಜಿಯ ಅಡುಗೆಮನೆಯಲ್ಲಿ ಮಾತ್ರ. ಇದು ನಾವು ಮೂವರೂ ಅಜ್ಜ ಅಜ್ಜಿಯೂ ಮಾತ್ರ ಆಡುವ ಮಾತು ಎಂದು ಅವಳು ತೀರ್ಮಾನಿಸಿದ್ದರೆ ತಪ್ಪೇನು? ತವರಿಗೆ ಹೋಗಿ ಬಂದ ಮೇಲೂ ಅವಳ ಲೆಕ್ಕ ಬದಲಾಗಿರಲಿಲ್ಲ.

ನಾನು ಅವಳ ವಯಸ್ಸಿನಲ್ಲಿದ್ದಾಗ ಹುಳಿಯಾರಿನ ಕಡೆ ಟೆಂಟ್ ಸಿನಿಮಾ ಬರುತ್ತಿತ್ತು. ಸಂಜೆ ಮೈಕಿನಲ್ಲಿ ದೇವರ ಹಾಡು ಕೇಳಿಸಿದರೆ ಅಮ್ಮ ಒಲೆ ಆರಿಸಿ, ಸೆರಗಿನಲ್ಲಿ ಕಡಲೆಕಾಯಿ ಕಟ್ಟಿಕೊಂಡು ಹೊರಡುತ್ತಿದ್ದಳು. ನೆಲದ ಟಿಕೆಟ್, ಮರಳನ್ನು ಗುಡ್ಡೆ ಮಾಡಿಕೊಂಡು ಅದರ ಮೇಲೆ ಕುಳಿತರೆ ಮುಂದಿನವರ ತಲೆ ಅಡ್ಡ ಬರುತ್ತಿರಲಿಲ್ಲ. ತೆರೆಯ ಮೇಲಿನ ತಾಯಿ ಅತ್ತರೆ ಪಕ್ಕದ ಓಣಿಯ ಹೆಂಗಸರು ಅವಳಿಗೆ ಸಮಾಧಾನ ಹೇಳುತ್ತಿದ್ದರು. ಊರು, ಮಾತು, ಸಿನಿಮಾ ಬೇರೆ ಬೇರೆ ಎಂದು ನನಗೆ ಆಗ ಅನಿಸಿಯೇ ಇರಲಿಲ್ಲ.

ಇಲ್ಲಿ ತೆರೆಯ ಮೇಲೆ 'ವಿರಾಮ' ಎಂದು ಬಂದರೂ ದೀಪ ಹತ್ತಲಿಲ್ಲ, ಚಿತ್ರ ಹಾಗೆಯೇ ಮುಂದುವರಿಯಿತು. ಮಗಳು ಅಷ್ಟರಲ್ಲಿ ನೆಟ್ಟಗೆ ಕುಳಿತಿದ್ದಳು. ಜನ ನಗುವ ಮೊದಲೇ ನಗಲು ಕಲಿತಿದ್ದಳು.

ಹೊರಗೆ ಬಂದಾಗ ದಾವಣಗೆರೆಯಿಂದ ಮಗನ ಮನೆಗೆ ಬಂದಿದ್ದ ಹಿರಿಯರೊಬ್ಬರು ಅವಳ ಗಲ್ಲ ಮುಟ್ಟಿ, "ಏನು ಪುಟ್ಟಿ, ಸಿನಿಮಾ ಚೆನ್ನಾಗಿತ್ತೇ?" ಎಂದು ಕೇಳಿದರು. ಅವಳು ನನ್ನ ಮುಖ ನೋಡಿದಳು, ಮನೆಯ ಗುಟ್ಟನ್ನು ಹೊರಗಿನವರಿಗೆ ಹೇಳಬಹುದೇ ಎಂದು ಕೇಳುವ ಹಾಗೆ. ನಾನು ತಲೆಯಾಡಿಸಿದೆ.

"ಚೆನ್ನಾಗಿತ್ತು ಅಜ್ಜಿ," ಎಂದಳು. ಆಮೇಲೆ ನಿಲ್ಲಿಸಲಿಲ್ಲ. ಎಮ್ಮೆಯಿಂದ ಹಿಡಿದು ಕೊನೆಯ ಮಳೆಯವರೆಗೆ ಇಡೀ ಕಥೆಯನ್ನು, ಅದೇ ಚಿತ್ರವನ್ನು ಈಗ ತಾನೇ ನೋಡಿದ್ದ ಅವರಿಗೇ ಹೇಳತೊಡಗಿದಳು. ಅವರೂ "ಹೌದೇ? ಆಮೇಲೆ?" ಎಂದು ಮೊದಲ ಸಲ ಕೇಳುವವರಂತೆ ಮೆಟ್ಟಿಲ ಮೇಲೆ ಕುಳಿತರು. ಎರ್ಲಾಂಗೆನ್‌ಗೆ ಹೋಗುವ ರೈಲಿಗೆ ಹೊತ್ತಾಗುತ್ತಿತ್ತು. ನಾನು ಮಗಳನ್ನು ಕರೆಯಲಿಲ್ಲ.