ಡಾಲ್ಕಿ ಏರಿನ ಮಾದರಿ: ಸೋರಿಕೆ ಹಿಡಿತಕ್ಕೆ ಬಂತು

ಐರ್ಲೆಂಡಿನ ಡಾಲ್ಕಿಯಲ್ಲಿ ಗಾಳಿಯ ಒತ್ತಡದಿಂದ ಓಡುತ್ತಿದ್ದ ಹಳೆಯ ರೈಲಿನ ಪುಟ್ಟ ಮಾದರಿ ಮಾಡುತ್ತಿದ್ದೇನೆ. ನಿನ್ನೆ ರಾತ್ರಿ ಅದರ ಬೋಗಿ ಏರು ಹತ್ತಿತು. ಅದರಲ್ಲಿ ಮೋಟಾರಿಲ್ಲ, ಹಳಿಯಲ್ಲಿ ವಿದ್ಯುತ್ತಿಲ್ಲ, ಹಿಂದಿನಿಂದ ತಳ್ಳಿದವರೂ ಇಲ್ಲ. ಪಂಪು ಕೊಳವೆಯ ಗಾಳಿ ಎಳೆಯಿತು, ಬೋಗಿ ಹೊರಟಿತು. ಹಳಿ, ಜಲ್ಲಿ, ಬಣ್ಣದ ಕೆಲಸವೆಲ್ಲ ನಿಮಗೆ ಗೊತ್ತಿದ್ದದ್ದೇ, ಅದನ್ನು ಬಿಡುತ್ತೇನೆ. ನನ್ನನ್ನು ಇಷ್ಟು ಕಾಲ ಸತಾಯಿಸಿದ್ದು ಕೊಳವೆಯ ಮೇಲಿನ ಸೀಳು.

ಡಬ್ಲಿನ್‌ನಿಂದ ಕಿಂಗ್ಸ್‌ಟೌನಿಗೆ, ಅಂದರೆ ಈಗಿನ ಡನ್ ಲಿಯರಿಗೆ, 1834ರ ಡಿಸೆಂಬರ್‌ನಲ್ಲಿ ಐರ್ಲೆಂಡಿನ ಮೊದಲ ರೈಲು ಓಡಿತು. ಕೊಲ್ಲಿಯ ಅಂಚಿಗೇ ಹಾಕಿದ ಈ ಹಳಿಯಿಂದಾಗಿ ಆ ಬಂದರು, ಡಬ್ಲಿನ್‌ಗೆ ದಿನವೂ ಹೋಗಿಬರುವವರ ಊರಾಗಿ ಬೆಳೆಯಿತು. ಮುಂದೆ ಡಾಲ್ಕಿಯವರೆಗೆ ಕಲ್ಲುಗಣಿಯ ಹಳೆಯ ಟ್ರಾಮ್ ದಾರಿಯಿತ್ತು. ಅದರ ಏರಿಗೂ ಬಿಗಿ ತಿರುವುಗಳಿಗೂ ಉಗಿ ಎಂಜಿನ್ ಬೇಡವೆಂದು ಎಂಜಿನಿಯರುಗಳಾದ ಕ್ಲೆಗ್ ಮತ್ತು ಸಾಮುಡಾ ಸಹೋದರರ ಪದ್ಧತಿಯನ್ನು ಆರಿಸಿಕೊಂಡರು. ಹಳಿಗಳ ನಡುವೆ 15 ಇಂಚಿನ ಕಬ್ಬಿಣದ ಕೊಳವೆ, ಒಳಗೆ ಪಿಸ್ಟನ್, ಡಾಲ್ಕಿಯ ತುದಿಯಲ್ಲಿ ಗಾಳಿ ಹೀರುವ ಉಗಿ ಯಂತ್ರ. ಪಿಸ್ಟನ್ನನ್ನು ಬೋಗಿಗೆ ಜೋಡಿಸುವ ತೋಳು ಕೊಳವೆಯ ನೆತ್ತಿಯ ಸೀಳಿನಲ್ಲಿ ಸಾಗಬೇಕು. ತೋಳು ಬಂದಾಗ ಸೀಳಿನ ತೊಗಲಿನ ಮುಚ್ಚಳ ಏಳಬೇಕು, ಹೋದ ಕೂಡಲೇ ಗಾಳಿಯಾಡದಂತೆ ಕೂರಬೇಕು. 1843ರಲ್ಲಿ ಪರೀಕ್ಷೆ ಮಾಡಿ, 1844ರಿಂದ 1854ರವರೆಗೆ ಜನರನ್ನು ಹೀಗೆಯೇ ಸಾಗಿಸಿದರು. ಇಳಿಯುವಾಗ ಬೋಗಿ ತನ್ನ ಭಾರಕ್ಕೇ ಉರುಳಿ ಬರುತ್ತಿತ್ತು.

ನನ್ನ ಮಾದರಿ 1:32, ಅಂದರೆ ನಿಜದ್ದರ 32ನೇ ಒಂದು ಪಾಲು. ಆಗಿನ 1435 ಮಿಲಿಮೀಟರ್ ಗೇಜು (ಹಳಿಗಳ ನಡುವಿನ ಅಂತರ) 45ಕ್ಕೆ ಇಳಿಯುತ್ತದೆ, ಕೊಳವೆಯ ಒಳವ್ಯಾಸ 12. ಲೆಕ್ಕ ಇಲ್ಲಿಯವರೆಗೆ ಚೆಂದ. ಆದರೆ ಪಿಸ್ಟನ್ನಿನ ಮುಖ 1,024ನೇ ಒಂದು ಪಾಲಿಗೆ ಕುಗ್ಗಿದರೆ ಸೀಳಿನ ಉದ್ದ ಕುಗ್ಗುವುದು 32ನೇ ಒಂದು ಪಾಲಿಗೆ ಮಾತ್ರ. ಎಳೆಯುವ ಬಲ ಪಾತಾಳ ಕಂಡರೂ ಸೋರುವ ಬಾಯಿ ಅಗಲವಾಗಿಯೇ ಉಳಿಯುತ್ತದೆ. ಸಣ್ಣ ಅಳತೆಯಲ್ಲಿ ಈ ರೈಲನ್ನು ಓಡಿಸಲು ಹೆಚ್ಚು ಜನ ಮನಸ್ಸು ಮಾಡದಿರುವುದಕ್ಕೆ ಇದೇ ಕಾರಣವಿರಬೇಕು.

ಮೊದಲ ತಲೆನೋವು ಹಿತ್ತಾಳೆ ಕೊಳವೆ. ಉದ್ದಕ್ಕೆ ಸೀಳಿದ ಕೂಡಲೇ ಒಳಗಿನ ಬಿಗಿ ಸಡಿಲಿ ಬಾಯಿ ತೆರೆದುಕೊಳ್ಳುತ್ತದೆ, ತುದಿಯಲ್ಲಿ ಒಂದು ಅಳತೆ, ನಡುವಿನಲ್ಲಿ ಇನ್ನೊಂದು. ಕಾಯಿಸಿ ಮೆತ್ತಗೆ ಮಾಡಿ, ಮರದ ಅಚ್ಚಿನಲ್ಲಿ ಬಿಗಿದು ಸೀಳಿದರೆ ಸರಿಹೋಗುತ್ತದೆ. ಎರಡನೆಯದು ತೊಗಲು. ಅರ್ಧ ಮಿಲಿಮೀಟರ್ ಎಂದು ಒತ್ತಿ ಹೇಳಿ ತರಿಸಿದ ಮೇಕೆ ಚರ್ಮ ಒಂದು ಅಂಚಿನಲ್ಲಿ ಅರ್ಧ, ಮತ್ತೊಂದರಲ್ಲಿ ಮುಕ್ಕಾಲು! ಕೇಳಿದರೆ ಅಂಗಡಿಯವರು, ‘ಪರ್ಸು ಹೊಲಿಯುವವರು ಯಾರೂ ದೂರಿಲ್ಲ’ ಎಂದರು. ಮೈಕ್ರೋಮೀಟರ್ ಹಿಡಿದು ಗಾಜಿನ ಮೇಲೆ ನಾನೇ ಕೆತ್ತಿ ತೆಳುಮಾಡಬೇಕಾಯಿತು.

ಆಯಸ್ಕಾಂತದ ಪಟ್ಟಿ ಹಾಕಿದರೆ ಮುಚ್ಚಳ ತಾನೇ ಕೂರುತ್ತದೆ ಎಂದು ಗೆಳೆಯರು ಹೇಳುತ್ತಲೇ ಇದ್ದಾರೆ. ಕೂರುತ್ತದೆ, ನಿಜ. ಆದರೆ ಡಾಲ್ಕಿಯಲ್ಲಿ ಇಲ್ಲದ್ದು ನನ್ನ ಕೊಳವೆಯ ಮೇಲೆ ಬೇಡ. ಅಲ್ಲಿ ತೊಗಲಿಗೆ ಕಬ್ಬಿಣದ ತುಂಡು ಪಟ್ಟಿಗಳನ್ನು ಜೋಡಿಸಿ, ಅಂಚಿಗೆ ಜೇನುಮೇಣ ಮತ್ತು ಪ್ರಾಣಿಕೊಬ್ಬಿನ ಮಿಶ್ರಣ ಮೆತ್ತುತ್ತಿದ್ದರು. ಪಟ್ಟಿಗಳು ತುಂಡುತುಂಡಾಗಿರುವುದರಲ್ಲೇ ಜಾಣತನವಿದೆ: ತೋಳು ಇರುವಲ್ಲಿ ಮಾತ್ರ ಮುಚ್ಚಳ ಬಾಗುತ್ತದೆ, ಹಿಂದೆ ಮುಂದೆ ಬಿಗಿಯಾಗಿಯೇ ಇರುತ್ತದೆ. ನಾನೂ 6 ಮಿಲಿಮೀಟರಿನ ಉಕ್ಕಿನ ಶಿಮ್ (ತೆಳು ತಗಡು) ತುಂಡುಗಳನ್ನು ಅಂಟಿಸಿದೆ. ಮಿಶ್ರಣ ಮಾತ್ರ ಹಾಗೆಯೇ ನಡೆಯಲಿಲ್ಲ. ಮೇಣದ ಅಂಟನ್ನು ಬಿಡಿಸುವುದರಲ್ಲೇ ಪಿಸ್ಟನ್ನಿನ ಬಲವೆಲ್ಲ ತೀರಿ ಬೋಗಿ ನಿಂತುಬಿಡುತ್ತಿತ್ತು. ಮೇಣ ಕಡಿಮೆ ಮಾಡುತ್ತ ಹೋದೆ. ಕೊನೆಗೆ ವ್ಯಾಸಲೀನ್‌ಗೆ ಚಿಟಿಕೆಯಷ್ಟು ಜೇನುಮೇಣ ಕರಗಿಸಿ ತೆಳುವಾಗಿ ಸವರಿದಾಗ ಮಾಪಕದ ಮುಳ್ಳು ಏರಿ, ಏರಿದಲ್ಲೇ ನಿಂತಿತು. ವಾತಾವರಣದ ಐದನೇ ಒಂದು ಪಾಲಿನಷ್ಟು ಒತ್ತಡದ ವ್ಯತ್ಯಾಸ, ಅಂದರೆ ಸುಮಾರು 230 ಗ್ರಾಂ ಎಳೆತ. ಬೋಗಿಗೆ ಅದು ಧಾರಾಳ. ಮುಚ್ಚಳ ಚಕ್ರದ ಮುಂದೆ ಎದ್ದು, ಹಿಂದೆ ಸಣ್ಣಗೆ ‘ಪಚ್’ ಎಂದು ಕೂರುವುದನ್ನು ಎಷ್ಟು ನೋಡಿದರೂ ಸಾಲದು.

ಇದರ ನಡುವೆಯೇ ಮುಂದಿನ ಮಾದರಿ ತಲೆ ಹೊಕ್ಕಿದೆ: ಇದೇ ಕರಾವಳಿಯ ದಕ್ಷಿಣಕ್ಕಿರುವ ಬ್ರೇ ಹೆಡ್ ಎಂಬ ಕಡಲಂಚಿನ ಗುಡ್ಡ. ಬ್ರಿಟಿಷ್ ಎಂಜಿನಿಯರ್ ಬ್ರೂನೆಲ್ ಕಡಲಿನ ಬಂಡೆಗೆ ಅಂಟಿಸಿದಂತೆ ಹಾಕಿಸಿದ ಆ ದಾರಿಯನ್ನು ಅಲೆಗಳು ಕೊರೆಯುತ್ತ ಬಂದವು, ಹಳಿಯನ್ನು ಮತ್ತೆ ಮತ್ತೆ ಒಳಕ್ಕೆ ಸರಿಸಬೇಕಾಯಿತು. ಬಿಟ್ಟುಹೋದ ಹಳೆಯ ಸುರಂಗದ ಬಾಯಿ, ಪಕ್ಕದಲ್ಲಿ 1500 ವೋಲ್ಟ್ ತಂತಿಯಡಿ ಓಡುವ ಹಸಿರು ಡಾರ್ಟ್ (ಡಬ್ಲಿನ್‌ನ ಉಪನಗರ) ರೈಲು, ಎರಡೂ ಒಂದೇ ಹಲಗೆಯ ಮೇಲೆ ಬರಬೇಕು. ಡಾರ್ಟ್ 1984ರಲ್ಲಿ ಶುರುವಾದಾಗ ಬ್ರೇಯಲ್ಲೇ ನಿಲ್ಲುತ್ತಿತ್ತು, ಅದರಾಚೆಯ ಗ್ರೇಸ್ಟೋನ್ಸ್ ಮುಟ್ಟಿದ್ದು 2000ದಲ್ಲಿ. ಹಾಗಾಗಿ ನನ್ನ ಮಾದರಿಯ ಕಾಲ ಆಮೇಲಿನದೇ ಆಗಬೇಕು.

ಅದಕ್ಕೂ ಮೊದಲು ಡಾಲ್ಕಿಯ ಕೊನೆ ಮುಗಿಯಬೇಕು. ಅಲ್ಲಿ ಕೊಳವೆ ನಿಲ್ದಾಣಕ್ಕಿಂತ ಹಿಂದೆಯೇ ಮುಗಿಯುತ್ತಿತ್ತು. ಉಳಿದ ದೂರವನ್ನು ಬೋಗಿ ಬಂದ ಓಟದಲ್ಲೇ ದಾಟಬೇಕು. ಓಟ ಸಾಲದಿದ್ದರೆ ಮೂರನೇ ದರ್ಜೆಯವರು ಇಳಿದು ತಳ್ಳುತ್ತಿದ್ದರಂತೆ. ನನ್ನ ಬೋಗಿ ಸದ್ಯ ಪ್ಲಾಟ್‌ಫಾರ್ಮಿಗೆ ಒಂದು ಗೇಣು ಮೊದಲೇ ನಿಲ್ಲುತ್ತಿದೆ. ಆಕ್ಸಲ್‌ಗಳಿಗೆ ಬಾಲ್ ಬೇರಿಂಗ್ ತರಿಸಿದ್ದೇನೆ, ಈ ಸಲ ಬೇರೆ ಅಂಗಡಿಯಿಂದ.